ಒಂದು ಕಾರ್ಖಾನೆಗೆ ಎರಡು ವಿದ್ಯುತ್ ಮಾರ್ಗಗಳು: ಮೊಜಾಂಬಿಕ್‌ನ ಮೊಜಾಲ್ ಪ್ರಕರಣ

1998ರ ಮಧ್ಯಭಾಗದಲ್ಲಿ, ಮೊಜಾಂಬಿಕ್‌ನ ರಾಜಧಾನಿ ಮಪುಟೊದ ಪಶ್ಚಿಮಕ್ಕಿರುವ ಬೆಲುಲುವಾನೆಯಲ್ಲಿ ಅಲ್ಯೂಮಿನಿಯಂ ಸ್ಮೆಲ್ಟರ್ (ಲೋಹ ತಯಾರಿಸುವ ಕಾರ್ಖಾನೆ) ಒಂದರ ಕಾಮಗಾರಿ ಆರಂಭವಾಯಿತು. ಸುಮಾರು ಹದಿನಾರು ವರ್ಷ ನಡೆದ ಅಂತರ್ಯುದ್ಧ 1992ರ ಅಕ್ಟೋಬರ್‌ನಲ್ಲಿ ರೋಮ್ ಒಪ್ಪಂದದೊಂದಿಗೆ ಮುಗಿದು ಆಗಿನ್ನೂ ಆರು ವರ್ಷ ತುಂಬಿರಲಿಲ್ಲ. ದೇಶ ಜಗತ್ತಿನ ಅತಿ ಬಡ ರಾಷ್ಟ್ರಗಳ ಸಾಲಿನಲ್ಲಿತ್ತು, ಹತ್ತು ಜನರಲ್ಲಿ ಒಬ್ಬರಿಗೂ ವಿದ್ಯುತ್ ಸಂಪರ್ಕ ಇರಲಿಲ್ಲ. ಇಂಥ ಜಾಗಕ್ಕೆ ಸುಮಾರು 130 ಕೋಟಿ ಡಾಲರ್ ಅಂದಾಜು ವೆಚ್ಚದ ಉದ್ದಿಮೆಯೊಂದು ಬಂತು, ಅದೂ ಬೇರೆ ಹೆಚ್ಚಿನ ಉದ್ದಿಮೆಗಳಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಬೇಡುವ ಉದ್ದಿಮೆ. ಬಡ ದೇಶಗಳಲ್ಲಿ ಮೂಲಸೌಕರ್ಯಕ್ಕೂ ವಿದೇಶಿ ನೇರ ಹೂಡಿಕೆಗೂ ಇರುವ ಸಂಬಂಧವನ್ನು ಸರಾಸರಿ ಅಂಕಿಗಳಲ್ಲಿ ಹುಡುಕುವುದಕ್ಕಿಂತ ಈ ಒಂದು ಕಾರ್ಖಾನೆಯನ್ನು ಹತ್ತಿರದಿಂದ ನೋಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಬಂಡವಾಳ ಏಕೆ ಬಂತು, ಬಂದು ಏನು ಮಾಡಿತು, ಇಪ್ಪತ್ತೈದು ವರ್ಷಗಳ ಬಳಿಕ ಏಕೆ ಕೈಬಿಡಲು ಹೊರಟಿತು ಎಂಬ ಮೂರೂ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬಹುಮಟ್ಟಿಗೆ ಒಂದೇ: ವಿದ್ಯುತ್.

ಕಾರ್ಖಾನೆಯ ಹೆಸರು ಮೊಜಾಲ್. ಆರಂಭದಲ್ಲಿ ಬಿಲಿಟನ್ ಕಂಪನಿ (ಮುಂದೆ ಬಿಎಚ್‌ಪಿ ಬಿಲಿಟನ್) ಶೇ 47ರಷ್ಟು, ಜಪಾನಿನ ಮಿತ್ಸುಬಿಷಿ ಶೇ 25ರಷ್ಟು, ದಕ್ಷಿಣ ಆಫ್ರಿಕಾದ ಸರ್ಕಾರಿ ಕೈಗಾರಿಕಾ ಅಭಿವೃದ್ಧಿ ನಿಗಮ ಶೇ 24ರಷ್ಟು ಪಾಲು ಹೊಂದಿದ್ದವು. ಮೊಜಾಂಬಿಕ್ ಸರ್ಕಾರದ ಪಾಲು ಶೇ 4ರ ಆಸುಪಾಸಿನಲ್ಲಿತ್ತು. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ 12 ಕೋಟಿ ಡಾಲರ್ ಸಾಲ ಕೊಟ್ಟಿತು. ಯುದ್ಧದಿಂದ ಈಗಷ್ಟೇ ಎದ್ದುಬಂದ ದೇಶಕ್ಕೆ ಖಾಸಗಿ ಬ್ಯಾಂಕುಗಳನ್ನು ಕರೆತರಲು ಆ ಮೊತ್ತಕ್ಕಿಂತ ಆ ಸಂಸ್ಥೆಯ ಸಹಿಯೇ ಹೆಚ್ಚು ನೆರವಾಯಿತು ಎನ್ನಬೇಕು. 2000ದ ಆರಂಭದಲ್ಲಿ ದೇಶದ ದಕ್ಷಿಣ ಭಾಗವನ್ನು ಭೀಕರ ಪ್ರವಾಹ ಮುಳುಗಿಸಿದರೂ ಅದೇ ವರ್ಷದ ಜೂನ್‌ನಲ್ಲಿ, ನಿಗದಿಗಿಂತ ಮೊದಲೇ, ಮೊದಲ ಲೋಹ ಹೊರಬಂತು. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 2.5 ಲಕ್ಷ ಟನ್. 2003ರಲ್ಲಿ ಎರಡನೆಯ ಹಂತ ಸೇರಿ ಅದು 5 ಲಕ್ಷ ಟನ್ ದಾಟಿತು.

ಅಲ್ಯೂಮಿನಿಯಂ ತಯಾರಿಕೆಯ ಒಳಗನ್ನು ಸ್ವಲ್ಪ ನೋಡದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿಯ ಪುಡಿಯಾದ ಅಲ್ಯೂಮಿನಾವನ್ನು, ಪಾಟ್ ಎಂದು ಕರೆಯುವ ಉಕ್ಕಿನ ತೊಟ್ಟಿಗಳಲ್ಲಿ, ಸುಮಾರು 960 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುವ ಕ್ರಯೊಲೈಟ್ ಎಂಬ ಖನಿಜದೊಳಗೆ ಬೆರೆಸಿ, ಅದರ ಮೂಲಕ ಮೂರು ಲಕ್ಷ ಆಂಪಿಯರ್‌ಗೂ ಹೆಚ್ಚಿನ ಏಕಮುಖ ವಿದ್ಯುತ್ತನ್ನು ಹರಿಸುತ್ತಾರೆ. ಪ್ರತಿ ತೊಟ್ಟಿಯಲ್ಲಿ ವೋಲ್ಟೇಜ್ ನಾಲ್ಕರ ಆಸುಪಾಸು ಮಾತ್ರ, ಆದರೆ ಇಂಥ ನೂರಾರು ತೊಟ್ಟಿಗಳು ಒಂದರ ಬೆನ್ನಿಗೊಂದು ಒಂದೇ ಸರಣಿಯಲ್ಲಿ ಕೂಡಿಕೊಂಡಿರುತ್ತವೆ. ಒಂದು ಟನ್ ಲೋಹಕ್ಕೆ ಸುಮಾರು ಎರಡು ಟನ್ ಅಲ್ಯೂಮಿನಾ, 14,000 ಯೂನಿಟ್‌ನ ಆಸುಪಾಸಿನಷ್ಟು ವಿದ್ಯುತ್ ಬೇಕು. ವರ್ಷಕ್ಕೆ 5 ಲಕ್ಷ ಟನ್ ಎಂದಿಟ್ಟುಕೊಂಡರೂ 700 ಕೋಟಿ ಯೂನಿಟ್, ಅಂದರೆ ಹಗಲು ರಾತ್ರಿ ಬಿಡುವಿಲ್ಲದೆ 800 ಮೆಗಾವ್ಯಾಟ್. ಪೂರ್ಣ ಸಾಮರ್ಥ್ಯದಲ್ಲಿ ಮೊಜಾಲ್‌ನ ಬೇಡಿಕೆ 900 ಮೆಗಾವ್ಯಾಟ್ ದಾಟುತ್ತಿತ್ತು, ಉಳಿದ ಇಡೀ ದೇಶದ ಆಗಿನ ಬೇಡಿಕೆಯ ಎರಡು ಪಟ್ಟಿಗೂ ಮೀರಿದ ಪ್ರಮಾಣವದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ವಿದ್ಯುತ್ ಕೆಲವು ಗಂಟೆಗಳ ಕಾಲ ನಿಂತರೆ ತೊಟ್ಟಿಯೊಳಗಿನ ದ್ರವ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಒಡೆದು ತೆಗೆದು ತೊಟ್ಟಿಗಳನ್ನು ಒಂದೊಂದಾಗಿ ಮತ್ತೆ ಚಾಲೂ ಮಾಡಲು ತಿಂಗಳುಗಳೇ ಬೇಕು. ಆದ್ದರಿಂದ ಇಂಥ ಹೂಡಿಕೆದಾರ ವಿದ್ಯುತ್ತಿನ ದರ ಕೇಳುವ ಮೊದಲು ಅದು ಎಷ್ಟು ಗಂಟೆ ನಿಲ್ಲಬಹುದು ಎಂದು ಕೇಳುತ್ತಾನೆ.

ಹಾಗಾದರೆ ಮೊಜಾಂಬಿಕ್‌ನಲ್ಲಿ ಆ ವಿದ್ಯುತ್ ಇತ್ತೇ? ಕಾಗದದ ಮೇಲೆ ಧಾರಾಳವಾಗಿ ಇತ್ತು. ಟೆಟೆ ಪ್ರಾಂತದಲ್ಲಿ ಜಾಂಬೆಜಿ ನದಿಗೆ ಪೋರ್ಚುಗೀಸ್ ಆಡಳಿತದ ಕೊನೆಯ ವರ್ಷಗಳಲ್ಲಿ ಕಟ್ಟಿದ ಕಾಹೊರಾ ಬಾಸಾ ಅಣೆಕಟ್ಟಿನ ವಿದ್ಯುದಾಗಾರದ ಸಾಮರ್ಥ್ಯ 2,075 ಮೆಗಾವ್ಯಾಟ್. ಆದರೆ ಅದನ್ನು ಕಟ್ಟಿದ್ದು ಮುಖ್ಯವಾಗಿ ದಕ್ಷಿಣ ಆಫ್ರಿಕಾಕ್ಕೆ ವಿದ್ಯುತ್ ಮಾರಲು. ಅಲ್ಲಿಂದ ಹೊರಟ ಸುಮಾರು 1,400 ಕಿಲೋಮೀಟರ್ ಉದ್ದದ ಏಕಮುಖ ವಿದ್ಯುತ್ತಿನ ಮಾರ್ಗ ನೇರವಾಗಿ ಜೊಹಾನ್ಸ್‌ಬರ್ಗ್ ಸಮೀಪದ ಅಪೊಲೊ ಉಪಕೇಂದ್ರಕ್ಕೆ ಹೋಗುತ್ತಿತ್ತು. ಅಂತರ್ಯುದ್ಧದ ಕಾಲದಲ್ಲಿ ಈ ಮಾರ್ಗದ ಸಾವಿರಕ್ಕೂ ಹೆಚ್ಚು ಗೋಪುರಗಳನ್ನು ಉರುಳಿಸಲಾಗಿತ್ತು, ತೊಂಬತ್ತರ ದಶಕದ ಕೊನೆಗೆ ಮಾತ್ರ ಅದು ಮತ್ತೆ ಬಳಕೆಗೆ ಬಂತು. ಉತ್ತರದ ಜಾಂಬೆಜಿ ಕಣಿವೆಗೂ ದಕ್ಷಿಣದ ಮಪುಟೊಗೂ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರವಿದೆ, ಅಷ್ಟು ಉದ್ದಕ್ಕೂ ದೇಶದೊಳಗೇ ಸಾಗುವ ಪ್ರಸರಣ ಮಾರ್ಗ ಇರಲಿಲ್ಲ. ದೇಶದ ಅತಿದೊಡ್ಡ ಅಣೆಕಟ್ಟಿನ ವಿದ್ಯುತ್ ದೇಶದ ರಾಜಧಾನಿಗೆ ಬರಬೇಕಾದರೆ ಮೊದಲು ಗಡಿ ದಾಟಿ ನೆರೆಯ ರಾಷ್ಟ್ರದ ಜಾಲಕ್ಕೆ ಸೇರಿ, ಅಲ್ಲಿಂದ ಹಿಂದಿರುಗಬೇಕಾಗಿತ್ತು.

ಈ ಕೊರತೆಯನ್ನು ಬಗೆಹರಿಸಿದ ರೀತಿಯೇ ಇಡೀ ಪ್ರಕರಣದ ತಿರುಳು. ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಸಂಸ್ಥೆಯಾದ ಎಸ್ಕಾಮ್ ಬಳಿ ಆಗ ಬೇಡಿಕೆಗಿಂತ ಹೆಚ್ಚು ಉತ್ಪಾದನಾ ಸಾಮರ್ಥ್ಯ ಇತ್ತು. ಹೀಗೆ ಉಳಿದ ವಿದ್ಯುತ್ತನ್ನು ಕಡಿಮೆ ದರಕ್ಕೆ ದೀರ್ಘಾವಧಿಗೆ ಕೊಳ್ಳುವ ದೊಡ್ಡ ಗ್ರಾಹಕರನ್ನು ಅದು ಹುಡುಕುತ್ತಿತ್ತು. 1998ರಲ್ಲಿ ಎಸ್ಕಾಮ್, ಮೊಜಾಂಬಿಕ್‌ನ ರಾಷ್ಟ್ರೀಯ ವಿದ್ಯುತ್ ಸಂಸ್ಥೆ ಮತ್ತು ಸ್ವಾಜಿಲ್ಯಾಂಡ್‌ನ (ಈಗಿನ ಎಸ್ವಾಟಿನಿ) ವಿದ್ಯುತ್ ಮಂಡಳಿ ಸಮಪಾಲಿನಲ್ಲಿ ಸೇರಿ ಮೊಟ್ರಾಕೊ ಎಂಬ ಪ್ರಸರಣ ಕಂಪನಿಯನ್ನು ಸ್ಥಾಪಿಸಿದವು. ಅದು 400 ಕಿಲೋವೋಲ್ಟ್‌ನ ಎರಡು ಮಾರ್ಗಗಳನ್ನು ಎಳೆಯಿತು. ಒಂದು ದಕ್ಷಿಣ ಆಫ್ರಿಕಾದ ಆರ್ನಾಟ್‌ನಿಂದ ನೇರವಾಗಿ ಮಪುಟೊಗೆ, ಇನ್ನೊಂದು ಕ್ಯಾಮ್ಡನ್‌ನಿಂದ ಹೊರಟು ಸ್ವಾಜಿಲ್ಯಾಂಡ್‌ನ ಎಡ್ವಲೇನಿ ಮೂಲಕ ಅದೇ ಮಪುಟೊಗೆ. ಎರಡು ಮಾರ್ಗಗಳು, ಎರಡು ಬೇರೆ ದಾರಿಗಳು: ಒಂದರಲ್ಲಿ ದೋಷ ಬಂದರೂ ತೊಟ್ಟಿಗಳು ತಣ್ಣಗಾಗಬಾರದು ಎಂಬ ಲೆಕ್ಕ ಇದರ ಹಿಂದಿತ್ತು. ಮಪುಟೊ ನಗರದ ಮತ್ತು ಸ್ವಾಜಿಲ್ಯಾಂಡ್‌ನ ಪೂರೈಕೆಯೂ ಈ ಮಾರ್ಗಗಳಿಂದ ಸುಧಾರಿಸಿತು ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ಟೀಕೆಗಳ ನಡುವೆ ಅದು ಮರೆತುಹೋಗುವ ಸಾಧ್ಯತೆಯಿದೆ.

ವಿದ್ಯುತ್ತಿನ ಜೊತೆಗೆ ರಸ್ತೆ ಮತ್ತು ಬಂದರು ಕೂಡಿಬಂದವು. ವರ್ಣಭೇದ ನೀತಿ ಕೊನೆಗೊಂಡ ಮೇಲೆ ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್ ಎರಡೂ ಸೇರಿ ಮಪುಟೊ ಅಭಿವೃದ್ಧಿ ಕಾರಿಡಾರ್ ಎಂಬ ಯೋಜನೆಯನ್ನು 1996ರಲ್ಲಿ ಹೂಡಿಕೆದಾರರ ಮುಂದಿಟ್ಟವು. ಅದರ ಮೊದಲ ದೊಡ್ಡ ಫಲ ದಕ್ಷಿಣ ಆಫ್ರಿಕಾದ ವಿಟ್‌ಬ್ಯಾಂಕ್‌ನಿಂದ ಮಪುಟೊವರೆಗಿನ ಎನ್4 ಟೋಲ್ ರಸ್ತೆ. 1997ರಲ್ಲಿ ಖಾಸಗಿ ಕಂಪನಿಯೊಂದಕ್ಕೆ 30 ವರ್ಷಗಳ ಅವಧಿಗೆ, ಕಟ್ಟಿ, ನಿರ್ವಹಿಸಿ, ಕೊನೆಗೆ ಸರ್ಕಾರಗಳಿಗೆ ಹಸ್ತಾಂತರಿಸುವ ಕರಾರಿನ ಮೇಲೆ ಇದನ್ನು ವಹಿಸಲಾಯಿತು. ವಾಹನ ದಟ್ಟಣೆ ಹೆಚ್ಚಿದ್ದ ದಕ್ಷಿಣ ಆಫ್ರಿಕಾ ಭಾಗದ ಟೋಲ್ ಆದಾಯವೇ ಮೊಜಾಂಬಿಕ್ ಭಾಗದ ಭಾರವನ್ನೂ ಹೊರುವಂತೆ ಹಣಕಾಸಿನ ವಿನ್ಯಾಸ ಮಾಡಿದ್ದು ಜಾಣತನ. ಬಡ ದೇಶದ ವಾಹನಗಳಿಂದಲೇ ಖರ್ಚು ಹುಟ್ಟಬೇಕೆಂದು ಪಟ್ಟು ಹಿಡಿದಿದ್ದರೆ ಆ ರಸ್ತೆ ಬಹುಶಃ ಗಡಿಯಲ್ಲೇ ನಿಲ್ಲುತ್ತಿತ್ತು. ಮಪುಟೊ ಪಕ್ಕದ ಮಟೋಲಾದ ಬಂದರಿನಲ್ಲಿ ಆಸ್ಟ್ರೇಲಿಯಾದಿಂದ ಬರುವ ಅಲ್ಯೂಮಿನಾವನ್ನು ಇಳಿಸಲು ವ್ಯವಸ್ಥೆ ಮಾಡಲಾಯಿತು, ತಯಾರಾದ ಲೋಹ ಅದೇ ಬಂದರಿನಿಂದ ಹೊರಹೋಗತೊಡಗಿತು. ರೈಲು ಮಾರ್ಗದ ಸುಧಾರಣೆ ಮಾತ್ರ ಈ ವೇಗಕ್ಕೆ ಹೊಂದಿಕೊಳ್ಳದೆ ಹಿಂದೆ ಬಿತ್ತು. ಅದರ ಪರಿಣಾಮವಾಗಿ ಭಾರಿ ಸರಕು ಲಾರಿಗಳ ಮೇಲೆಯೇ ಸಾಗಬೇಕಾಯಿತು.

ಮಲೇರಿಯಾ ಹಾವಳಿಯನ್ನು ಮೂಲಸೌಕರ್ಯದ ಚರ್ಚೆಗೆ ಯಾರೂ ಸಾಮಾನ್ಯವಾಗಿ ತರುವುದಿಲ್ಲ, ಆದರೆ ತರಬೇಕು. ನಿರ್ಮಾಣದ ಕಾಲದಲ್ಲಿ ಕಾರ್ಮಿಕರಲ್ಲಿ ಜ್ವರ ವ್ಯಾಪಕವಾಗಿ ಹರಡಿ ಕೆಲಸಕ್ಕೆ ಅಡ್ಡಿಯಾಯಿತು. ಕಾರ್ಖಾನೆಯ ಆವರಣದಲ್ಲಿ ಮಾತ್ರ ಔಷಧ ಸಿಂಪಡಿಸಿ ಪ್ರಯೋಜನವಿರಲಿಲ್ಲ. ಮೊಜಾಂಬಿಕ್, ದಕ್ಷಿಣ ಆಫ್ರಿಕಾ, ಸ್ವಾಜಿಲ್ಯಾಂಡ್ ಮೂರೂ ದೇಶಗಳ ಸರ್ಕಾರಗಳು ತಮ್ಮ ಗಡಿಗಳು ಕೂಡುವ ಲುಬೊಂಬೊ ಪ್ರದೇಶದಲ್ಲಿ ಜಂಟಿಯಾಗಿ ನಡೆಸಿದ ನಿಯಂತ್ರಣ ಕಾರ್ಯಕ್ರಮಕ್ಕೆ ಕಂಪನಿಯೂ ಕೈಜೋಡಿಸಿತು, ಪ್ರಕರಣಗಳು ಗಣನೀಯವಾಗಿ ತಗ್ಗಿದವು. ಕಾರ್ಖಾನೆಯ ಬೇಲಿಯ ಹೊರಗಿನ ಜನರಿಗೆ ನೇರವಾಗಿ ಮುಟ್ಟಿದ ಪ್ರಯೋಜನಗಳಲ್ಲಿ ನಾನು ಇದನ್ನೇ ಮೊದಲಿಗಿಡುತ್ತೇನೆ.

ಮೂಲಸೌಕರ್ಯವೊಂದೇ ಈ ಹೂಡಿಕೆಯನ್ನು ತಂದಿತೆಂದು ಹೇಳಿದರೆ ಅದು ಅರ್ಧಸತ್ಯವಾಗುತ್ತದೆ. ಮೊಜಾಲ್‌ಗೆ ಕೈಗಾರಿಕಾ ಮುಕ್ತ ವಲಯದ ಸ್ಥಾನಮಾನ ದೊರೆತಿತ್ತು. ಅದರಿಂದ ಆಮದು ಸುಂಕ ಮತ್ತು ವರಮಾನ ತೆರಿಗೆಯ ವಿನಾಯಿತಿ ಸಿಕ್ಕಿತು, ಬದಲಿಗೆ ವಹಿವಾಟಿನ ಶೇ 1ರಷ್ಟನ್ನು ಸರ್ಕಾರಕ್ಕೆ ಕಟ್ಟಿದರೆ ಸಾಕಾಗಿತ್ತು. ಯುರೋಪ್ ಒಕ್ಕೂಟ ಕಚ್ಚಾ ಅಲ್ಯೂಮಿನಿಯಂ ಮೇಲೆ ವಿಧಿಸುತ್ತಿದ್ದ ಶೇ 6ರ ಆಮದು ಸುಂಕ ಮೊಜಾಂಬಿಕ್‌ನಂಥ ದೇಶಗಳ ಸರಕಿಗೆ ಅನ್ವಯಿಸುತ್ತಿರಲಿಲ್ಲ. ಇವೆರಡೂ ದೊಡ್ಡ ಆಕರ್ಷಣೆಗಳೇ. ಆದರೆ ಇವೇ ಕಾನೂನು, ಇವೇ ರಿಯಾಯಿತಿ, ಇದೇ ಸುಂಕದ ಸೌಲಭ್ಯ ಬೈರಾದಲ್ಲೂ ನಕಾಲಾದಲ್ಲೂ ದೊರೆಯುತ್ತಿದ್ದವು. ಇವೆರಡೂ ಬಂದರು ಪಟ್ಟಣಗಳು, ನಕಾಲಾದ ಕೊಲ್ಲಿಯಂತೂ ಸಹಜವಾಗಿಯೇ ಆಳವಾದದ್ದು. ಅಲ್ಲಿಗೆ ಯಾವ ಸ್ಮೆಲ್ಟರೂ ಹೋಗಲಿಲ್ಲ. ತೆರಿಗೆ ವಿನಾಯಿತಿ ದೇಶವನ್ನು ಪಟ್ಟಿಗೆ ಸೇರಿಸಬಹುದು, ಆದರೆ ದೇಶದೊಳಗೆ ಬಂಡವಾಳ ಎಲ್ಲಿ ಇಳಿಯಬೇಕೆಂಬುದನ್ನು ನಿರ್ಧರಿಸಿದ್ದು 400 ಕಿಲೋವೋಲ್ಟ್‌ನ ತಂತಿ ಎಲ್ಲಿಗೆ ತಲುಪಬಲ್ಲುದು ಎಂಬ ಸಂಗತಿ. ತೆರಿಗೆಯನ್ನು ಇಷ್ಟು ಬಿಟ್ಟುಕೊಡುವ ಅಗತ್ಯ ನಿಜಕ್ಕೂ ಇತ್ತೇ ಎಂಬ ಪ್ರಶ್ನೆಯೂ ಇದರಿಂದಲೇ ಏಳುತ್ತದೆ. ಅಗ್ಗದ ವಿದ್ಯುತ್ ಮತ್ತು ಎರಡು ಮಾರ್ಗಗಳ ಭರವಸೆ ಕೈಯಲ್ಲಿದ್ದ ಸರ್ಕಾರ ಇನ್ನಷ್ಟು ಬಿಗಿಯಾಗಿ ಚೌಕಾಸಿ ಮಾಡಬಹುದಾಗಿತ್ತು ಎಂದು ನನಗೆ ತೋರುತ್ತದೆ. ಆದರೆ ಯುದ್ಧದ ನೆನಪು ಹಸಿಯಾಗಿದ್ದಾಗ, ಮೊದಲ ದೊಡ್ಡ ಹೂಡಿಕೆದಾರ ಎದುರಿಗೆ ಕುಳಿತಿದ್ದಾಗ, ಹಾಗೆ ಪಟ್ಟು ಹಿಡಿಯುವ ಧೈರ್ಯ ಸುಲಭದ್ದಲ್ಲ.

ಬೆಳವಣಿಗೆಯ ಮೇಲಾದ ಪರಿಣಾಮವನ್ನು ಅಳೆಯುವಾಗ ಯಾವ ಅಂಕಿಯನ್ನು ಹಿಡಿಯುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ರಫ್ತನ್ನು ನೋಡಿದರೆ ಚಿತ್ರ ಬೆರಗು ಹುಟ್ಟಿಸುವಂಥದ್ದು. ಸಿಗಡಿ, ಗೋಡಂಬಿ, ಹತ್ತಿಯನ್ನು ಮಾರುತ್ತಿದ್ದ ದೇಶದ ಸರಕು ರಫ್ತಿನಲ್ಲಿ 2000ದ ದಶಕದ ಮಧ್ಯದ ಹೊತ್ತಿಗೆ ಅಲ್ಯೂಮಿನಿಯಂ ಒಂದರ ಪಾಲೇ ಅರ್ಧಕ್ಕಿಂತ ಹೆಚ್ಚಾಯಿತು. ಆಂತರಿಕ ಉತ್ಪನ್ನವೂ ಆ ವರ್ಷಗಳಲ್ಲಿ ವೇಗವಾಗಿ ಏರಿತು. ಆದರೆ ರಫ್ತಿನ ಮೌಲ್ಯದಲ್ಲಿ ಆಮದು ಮಾಡಿದ ಅಲ್ಯೂಮಿನಾದ ಬೆಲೆ, ದಕ್ಷಿಣ ಆಫ್ರಿಕಾಕ್ಕೆ ಕಟ್ಟುವ ವಿದ್ಯುತ್ ಬಿಲ್, ಸಾಲದ ಬಡ್ಡಿ, ಷೇರುದಾರರ ಲಾಭಾಂಶ ಇವೆಲ್ಲವನ್ನೂ ಕಳೆದರೆ ದೇಶದೊಳಗೆ ಉಳಿಯುತ್ತಿದ್ದುದು ಸಂಬಳ, ಸ್ಥಳೀಯ ಖರೀದಿ, ಶೇ 1ರ ಶುಲ್ಕ ಮತ್ತು ಸರ್ಕಾರದ ಸಣ್ಣ ಪಾಲಿನ ಲಾಭ ಮಾತ್ರ. ಎರಡೂ ಹಂತ ಸೇರಿ ಸುಮಾರು 200 ಕೋಟಿ ಡಾಲರ್ ಹೂಡಿಕೆಯಿಂದ ಸೃಷ್ಟಿಯಾದ ಕಾಯಂ ನೌಕರಿಗಳು ಹೆಚ್ಚುಕಡಿಮೆ 1,100, ಅಂದರೆ ಒಂದೊಂದು ನೌಕರಿಯ ಹಿಂದೆ ಸುಮಾರು 18 ಲಕ್ಷ ಡಾಲರ್. ರಾಷ್ಟ್ರೀಯ ಗೃಹ ಸಮೀಕ್ಷೆಗಳ ಪ್ರಕಾರ ಬಡತನದ ಪ್ರಮಾಣ 2002–03ರಲ್ಲಿ ಶೇ 54ರಷ್ಟಿದ್ದುದು 2008–09ರಲ್ಲೂ ಬಹುತೇಕ ಅಲ್ಲಿಯೇ, ಶೇ 55ರ ಸಮೀಪ ನಿಂತಿತ್ತು. ಅದಕ್ಕೆ ಒಂದು ಸ್ಮೆಲ್ಟರನ್ನು ದೂರುವುದು ಅನ್ಯಾಯ. ಆದರೂ ಆ ವರ್ಷಗಳ ಬೆಳವಣಿಗೆ ದರವನ್ನು ಸಂಭ್ರಮಿಸಿದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಿತ್ತು.

ಸ್ಥಳೀಯ ಉದ್ಯಮಗಳೊಂದಿಗೆ ಕೊಂಡಿ ಬೆಸೆಯುವ ಪ್ರಯತ್ನ ನಡೆಯಲಿಲ್ಲ ಎನ್ನುವಂತಿಲ್ಲ. ನಿರ್ಮಾಣದ ಮೊದಲ ಹಂತದಲ್ಲಿ ಸ್ಥಳೀಯ ಗುತ್ತಿಗೆದಾರರು ಹೆಚ್ಚಾಗಿ ಹೊರಗುಳಿದರು. ಎರಡನೆಯ ಹಂತದಲ್ಲಿ ಗುತ್ತಿಗೆಗಳನ್ನು ಚಿಕ್ಕ ತುಂಡುಗಳಾಗಿ ಒಡೆದು, ಟೆಂಡರ್ ಕಾಗದಪತ್ರಗಳನ್ನು ಪೋರ್ಚುಗೀಸ್ ಭಾಷೆಯಲ್ಲೂ ಕೊಟ್ಟು, ಗುಣಮಟ್ಟ ಮತ್ತು ಸುರಕ್ಷತೆಯ ತರಬೇತಿ ನೀಡಲಾಯಿತು. ಈ ಪ್ರಯತ್ನದಿಂದ ಮತ್ತು ಅದರ ಬೆನ್ನಿಗೆ ಬಂದ ಮೊಜ್‌ಲಿಂಕ್ ಎಂಬ ಕಾರ್ಯಕ್ರಮದಿಂದ ಹಲವಾರು ಸಣ್ಣ ಸಂಸ್ಥೆಗಳು ದುರಸ್ತಿ, ಸಾಗಣೆ, ಶುಚಿತ್ವ, ಸಮವಸ್ತ್ರದಂಥ ಕೆಲಸಗಳನ್ನು ಪಡೆದವು. ಲೋಹದಿಂದಲೇ ಮುಂದಿನ ಸರಕು ತಯಾರಿಸುವ ಕಾರ್ಖಾನೆಗಳಿಗೆ ಮಾತ್ರ ದಶಕಕ್ಕೂ ಮೀರಿ ಕಾಯಬೇಕಾಯಿತು. ಬಹ್ರೇನ್ ಮೂಲದ ಮಿಡಲ್ ಕೇಬಲ್ಸ್ ಬೆಲುಲುವಾನೆಯಲ್ಲಿ ಘಟಕ ತೆರೆದು ಮೊಜಾಲ್‌ನಿಂದ ಲೋಹ ಪಡೆದು ಸರಳು ಮತ್ತು ತಂತಿ ತಯಾರಿಸಲು ಆರಂಭಿಸಿದ್ದು 2014ರ ಸುಮಾರಿಗೆ. ಇದಕ್ಕೆ ಕಾರಣ ಹುಡುಕಿದರೆ ಮತ್ತೆ ಮೂಲಸೌಕರ್ಯದ ಸ್ವರೂಪಕ್ಕೇ ಬರಬೇಕಾಗುತ್ತದೆ. ಮೊಜಾಲ್‌ಗೆ ದೊರೆತ ವಿದ್ಯುತ್ತು, ದರ, ಭರವಸೆ ಮೂರೂ ಅದಕ್ಕಾಗಿಯೇ ಕುದುರಿಸಿದಂಥವು. ಅದೇ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಆಚೆ ಐವತ್ತು ಜನರ ವರ್ಕ್‌ಶಾಪ್ ಹಾಕಲು ಹೊರಟವನಿಗೆ ಸಿಗುತ್ತಿದ್ದುದು ಸಾಮಾನ್ಯ ವಿತರಣಾ ಜಾಲದ ವಿದ್ಯುತ್ತು, ಅದರ ಕಡಿತಗಳು, ಅದರ ದರ. ಊರಿನ ಮೇಲೆ ಹಾದುಹೋಗುವ ಕಾಲುವೆಗೆ ತೂಬೇ ಇಡದಿದ್ದರೆ ಅಕ್ಕಪಕ್ಕದ ಹೊಲಗಳ ಪಾಡು ಏನಾಗುತ್ತದೆಯೋ ಇದೂ ಹೆಚ್ಚುಕಡಿಮೆ ಹಾಗೆಯೇ.

2008ರಲ್ಲಿ ಪರಿಸ್ಥಿತಿ ತಿರುಗಿತು. ಎಸ್ಕಾಮ್‌ನ ಹೆಚ್ಚುವರಿ ಸಾಮರ್ಥ್ಯ ಕರಗಿ ದಕ್ಷಿಣ ಆಫ್ರಿಕಾದಲ್ಲೇ ಲೋಡ್ ಶೆಡ್ಡಿಂಗ್ ಆರಂಭವಾಯಿತು. ಮೊಜಾಲ್‌ನ ಮೂರನೆಯ ಹಂತಕ್ಕೆ ಬೇಕಾದ ವಿದ್ಯುತ್ ಎಲ್ಲಿಂದಲೂ ಹುಟ್ಟದೆ ಆ ವಿಸ್ತರಣೆ ಕೈಬಿಟ್ಟುಹೋಯಿತು. ಅಗ್ಗದ ದರದಲ್ಲಿ ಮಾಡಿಕೊಂಡಿದ್ದ ದೀರ್ಘಾವಧಿ ಒಪ್ಪಂದಗಳು ದಕ್ಷಿಣ ಆಫ್ರಿಕಾದ ಗ್ರಾಹಕರ ಕಣ್ಣಿಗೆ ಬೀಳತೊಡಗಿದವು: ಮನೆಗಳಲ್ಲಿ ಕತ್ತಲೆಯಿರುವಾಗ ಗಡಿಯಾಚೆಯ ಕಾರ್ಖಾನೆಗೆ ಕಡಿಮೆ ಬೆಲೆಗೆ ವಿದ್ಯುತ್ ಏಕೆ ಎಂಬ ಪ್ರಶ್ನೆ ಸಹಜವೇ ಆಗಿತ್ತು. 2007ರ ಕೊನೆಗೆ ಮೊಜಾಂಬಿಕ್ ಸರ್ಕಾರ ಪೋರ್ಚುಗಲ್‌ನಿಂದ ಪಾಲು ಪಡೆದು ಕಾಹೊರಾ ಬಾಸಾದಲ್ಲಿ ತನ್ನ ಒಡೆತನವನ್ನು ಶೇ 85ಕ್ಕೆ ಏರಿಸಿಕೊಂಡಿತ್ತು. ಆದರೆ ಒಡೆತನ ಬಂದರೂ ತಂತಿಯ ದಿಕ್ಕು ಬದಲಾಗಲಿಲ್ಲ, ವಿದ್ಯುತ್ತಿನ ಬಹುಭಾಗ ಹಳೆಯ ಒಪ್ಪಂದದಂತೆ ಎಸ್ಕಾಮ್‌ಗೇ ಹೋಗುತ್ತಿತ್ತು.

2015ರಲ್ಲಿ ಬಿಎಚ್‌ಪಿ ಬಿಲಿಟನ್ ತನ್ನ ಕೆಲವು ಉದ್ದಿಮೆಗಳನ್ನು ಬೇರ್ಪಡಿಸಿದಾಗ ಮೊಜಾಲ್ ಸೌತ್32 ಕಂಪನಿಯ ಪಾಲಿಗೆ ಬಂತು. ಮಿತ್ಸುಬಿಷಿಯ ಪಾಲಿನ ಒಂದು ಭಾಗವನ್ನೂ 2022ರಲ್ಲಿ ಕೊಂಡ ಮೇಲೆ ಅದರ ಒಡೆತನ ಶೇ 63.7ಕ್ಕೆ ಏರಿತು. ಹೊಸ ಒಡೆಯರ ಮುಂದಿದ್ದ ದೊಡ್ಡ ದಿನಾಂಕ ಒಂದೇ, 2026ರ ಮಾರ್ಚ್. ವಿದ್ಯುತ್ ಒಪ್ಪಂದ ಮುಗಿಯಲಿದ್ದುದು ಆಗ. ಮುಂದಿನ ಒಪ್ಪಂದಕ್ಕಾಗಿ ಕಂಪನಿ, ಮೊಜಾಂಬಿಕ್ ಸರ್ಕಾರ, ಕಾಹೊರಾ ಬಾಸಾ ಸಂಸ್ಥೆ ಮತ್ತು ಎಸ್ಕಾಮ್ ನಡುವೆ ಮಾತುಕತೆ ಹಲವು ವರ್ಷ ನಡೆಯಿತು. ಈ ನಡುವೆ ಜಾಂಬೆಜಿ ಕಣಿವೆಯಲ್ಲಿ ಬರ ಬಂದು ಜಲಾಶಯದ ನೀರು ಇಳಿಯಿತು, ಪೂರ್ತಿ ಬೇಡಿಕೆಗೆ ಸಾಕಾಗುವಷ್ಟು ವಿದ್ಯುತ್ತಿನ ಭರವಸೆ ಆ ಕಡೆಯಿಂದ ಸಿಗಲಿಲ್ಲ. ಎಸ್ಕಾಮ್‌ನಿಂದ ಕೊಳ್ಳೋಣವೆಂದರೆ ದರ ಗಿಟ್ಟುವಂತಿರಲಿಲ್ಲ. 2024ರ ಕೊನೆಯಲ್ಲಿ ಚುನಾವಣೋತ್ತರ ಗಲಭೆಗಳಲ್ಲಿ ರಸ್ತೆ ತಡೆಗಳಾದಾಗ ಬಂದರಿನಿಂದ ಕಾರ್ಖಾನೆಗೆ ಕಚ್ಚಾವಸ್ತು ತಲುಪುವುದೇ ಕಷ್ಟವಾಗಿ, ಸೌತ್32 ತನ್ನ ಉತ್ಪಾದನಾ ಅಂದಾಜನ್ನು ಹಿಂತೆಗೆದುಕೊಂಡಿತು. ಎನ್4 ರಸ್ತೆಯ ಟೋಲ್ ಕಟ್ಟೆಗಳೂ ಪ್ರತಿಭಟನಕಾರರ ಸಿಟ್ಟಿಗೆ ಗುರಿಯಾದವು. ದಿನವೂ ಮಟೋಲಾದಿಂದ ಮಪುಟೊಗೆ ಓಡಾಡುವವರಿಗೆ ಆ ರಸ್ತೆ ಯಾರಿಗಾಗಿ ಕಟ್ಟಿದ್ದು ಎಂಬ ಅನುಮಾನ ಮೊದಲಿನಿಂದಲೂ ಇತ್ತು.

2025ರ ಆಗಸ್ಟ್‌ನಲ್ಲಿ ಸೌತ್32 ಮೊಜಾಲ್‌ನ ಲೆಕ್ಕದಲ್ಲಿ 37.2 ಕೋಟಿ ಡಾಲರ್ ಮೌಲ್ಯಕಡಿತ ತೋರಿಸಿತು, ಅಂದರೆ ಕಾರ್ಖಾನೆಯ ಬೆಲೆ ಅಷ್ಟು ಕುಸಿದಿದೆ ಎಂದು ಒಪ್ಪಿಕೊಂಡಿತು. ಹಳತಾದ ತೊಟ್ಟಿಗಳ ಒಳಪದರವನ್ನು ಹೊಸದಾಗಿ ಹಾಕುವ ಕೆಲಸವನ್ನೂ ನಿಲ್ಲಿಸಿತು. ಸ್ಮೆಲ್ಟರ್‌ನಲ್ಲಿ ಈ ಎರಡನೆಯ ನಿರ್ಧಾರವೇ ಹೆಚ್ಚು ಮಾತನಾಡುತ್ತದೆ. ತೊಟ್ಟಿಯೊಂದರ ಒಳಪದರ ಕೆಲವು ವರ್ಷ ಬಾಳುತ್ತದೆ, ಅದನ್ನು ಬದಲಾಯಿಸುವುದನ್ನು ಬಿಟ್ಟರೆ ತೊಟ್ಟಿಗಳು ಒಂದೊಂದಾಗಿ ಕೆಲಸದಿಂದ ಹೊರಬೀಳುತ್ತವೆ, ಆ ಕೆಲಸವನ್ನೇ ನಂಬಿದ್ದ ಗುತ್ತಿಗೆ ಸಂಸ್ಥೆಗಳೂ ಅವುಗಳ ಜೊತೆಗೆ. ಡಿಸೆಂಬರ್‌ನಲ್ಲಿ ಕಂಪನಿ, ಒಪ್ಪಂದ ಮುಗಿಯುವ 2026ರ ಮಾರ್ಚ್ ಮಧ್ಯದ ಹೊತ್ತಿಗೆ ಉತ್ಪಾದನೆ ನಿಲ್ಲಿಸಿ ಕಾರ್ಖಾನೆಯನ್ನು ಬರಿಯ ಕಾವಲು ಮತ್ತು ನಿರ್ವಹಣೆಯ ಸ್ಥಿತಿಯಲ್ಲಿ ಇಡುವುದಾಗಿ ಪ್ರಕಟಿಸಿತು.

ಈ ಪ್ರಕರಣದಲ್ಲಿ ಮೂಲಸೌಕರ್ಯ ಎಂದರೆ ತಂತಿ, ಗೋಪುರ, ರಸ್ತೆ ಮಾತ್ರವಲ್ಲ, ಅವುಗಳ ಮೇಲೆ ಯಾರ ವಿದ್ಯುತ್ ಯಾವ ದರಕ್ಕೆ ಎಷ್ಟು ವರ್ಷ ಹರಿಯುತ್ತದೆ ಎಂಬ ಕರಾರೂ ಅದರ ಭಾಗವೇ. ಗೋಪುರಗಳು ಈಗಲೂ ಗಟ್ಟಿಯಾಗಿವೆ, ಸವೆದದ್ದು ಕರಾರು. ಹೂಡಿಕೆಯನ್ನು ತರಲು ಅಡ್ಡಿಯಾಗಿದ್ದ ಒಂದೇ ಗಂಟನ್ನು ಬಿಡಿಸಿ ಉಳಿದದ್ದನ್ನು ಮುಂದಕ್ಕೆ ಹಾಕಿದ್ದು 1998ರ ಮಟ್ಟಿಗೆ ಸರಿಯಾದ ನಿರ್ಧಾರವೇ ಆಗಿತ್ತು ಎಂದು ನಾನು ಭಾವಿಸುತ್ತೇನೆ, ಆಗ ಬೇರೆ ದಾರಿ ಇರಲಿಲ್ಲ. ತಪ್ಪಿದ್ದು ಅನಂತರದ ಕಾಲು ಶತಮಾನದಲ್ಲಿ. ಉತ್ತರ ಮತ್ತು ದಕ್ಷಿಣವನ್ನು ದೇಶದೊಳಗೇ ಬೆಸೆಯುವ ಪ್ರಸರಣ ಬೆನ್ನೆಲುಬಿನ ಮೊದಲ ಭಾಗವಾದ, ವಿಲಾಂಕುಲೋಸ್‌ನಿಂದ ಮಪುಟೊವರೆಗಿನ 400 ಕಿಲೋವೋಲ್ಟ್ ಮಾರ್ಗದ ಕೆಲಸ ಕೈಗೆತ್ತಿಕೊಂಡಿದ್ದು ಈ ದಶಕದಲ್ಲಿ ಮಾತ್ರ. ಜಾಂಬೆಜಿಯ ಕೆಳಹರಿವಿನಲ್ಲಿ 1,500 ಮೆಗಾವ್ಯಾಟ್‌ನ ಎಂಫಂಡಾ ಎಂಕುವಾ ಅಣೆಕಟ್ಟು ಇನ್ನೂ ಯೋಜನೆಯ ಹಂತದಲ್ಲಿದೆ. ಮೊಜಾಲ್ ದುಡಿಯುತ್ತಿದ್ದಾಗಲೇ ಇವೆರಡೂ ಸಿದ್ಧವಾಗಿದ್ದಿದ್ದರೆ ಮಾತುಕತೆಯ ಮೇಜಿನಲ್ಲಿ ಸರ್ಕಾರದ ಕೈ ಬಲವಾಗಿರುತ್ತಿತ್ತು.

ಕಾಹೊರಾ ಬಾಸಾದಿಂದ ಎಸ್ಕಾಮ್‌ಗೆ ವಿದ್ಯುತ್ ಮಾರುವ ಒಪ್ಪಂದ 2030ರ ಸುಮಾರಿಗೆ ಮುಗಿಯಲಿದ್ದು, ಅನಂತರ ಆ ವಿದ್ಯುತ್ತನ್ನು ದೇಶದೊಳಗೇ ಬಳಸುವ ಇಚ್ಛೆಯನ್ನು ಸರ್ಕಾರ ಹೇಳಿಕೊಂಡಿದೆ. ಅಲ್ಲಿಯವರೆಗೆ ಉತ್ತರ ಸಿಗಬೇಕಾದ ಪ್ರಶ್ನೆ ಮೊಟ್ರಾಕೊದ್ದು. ಅದರ ಎರಡು ಮಾರ್ಗಗಳನ್ನು 900 ಮೆಗಾವ್ಯಾಟ್‌ನ ಒಬ್ಬ ಗ್ರಾಹಕನ ಅಳತೆಗೆ ಕಟ್ಟಲಾಗಿದೆ, ಮಪುಟೊ ನಗರವೂ ಎಸ್ವಾಟಿನಿಯೂ ಅವನ್ನೇ ನೆಚ್ಚಿಕೊಂಡಿವೆ. ಆ ಗ್ರಾಹಕ ಎದ್ದುಹೋದ ಮೇಲೆ ಮಾರ್ಗಗಳ ನಿರ್ವಹಣೆಯ ವೆಚ್ಚ ಉಳಿದ ಬಳಕೆದಾರರ ದರಕ್ಕೆ ಸೇರುತ್ತದೆಯೇ, ಇಲ್ಲವೇ ಖಾಲಿಯಾದ ಆ ಸಾಮರ್ಥ್ಯವನ್ನು ಬೆಲುಲುವಾನೆಯ ಸುತ್ತಲಿನ ಸಣ್ಣ ಕಾರ್ಖಾನೆಗಳಿಗೆ ಹಂಚಲು ಉಪಕೇಂದ್ರಗಳನ್ನು ಕಟ್ಟಲಾಗುತ್ತದೆಯೇ ಎಂಬುದನ್ನು ಮೂರು ದೇಶಗಳ ವಿದ್ಯುತ್ ಸಂಸ್ಥೆಗಳು ತೀರ್ಮಾನಿಸಬೇಕಾಗಿದೆ.